ಕಾಲೇಜು ಬ್ಯಾಸ್ಕೆಟ್‌ಬಾಲಿನ ಅಭ್ಯಾಸ ಭವನ: ನೆಲದಿಂದ ಮೊದಲಾಗುವ ವಿನ್ಯಾಸ

1891ರಲ್ಲಿ ಜೇಮ್ಸ್ ನೈಸ್ಮಿತ್ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಚಳಿಗಾಲದ ಒಳಾಂಗಣ ಆಟವಾಗಿ ರೂಪಿಸಿದ ಬ್ಯಾಸ್ಕೆಟ್‌ಬಾಲ್, ಇಂದು ಆ ದೇಶದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅಭ್ಯಾಸಕ್ಕೆಂದೇ ಪ್ರತ್ಯೇಕ ಭವನಗಳನ್ನು ಪಡೆದಿದೆ. ಪಂದ್ಯ ನಡೆಯುವ ಕ್ರೀಡಾಂಗಣವನ್ನು ಇತರ ಆಟಗಳಿಗೂ ಸಂಗೀತ ಕಾರ್ಯಕ್ರಮ, ಘಟಿಕೋತ್ಸವಗಳಿಗೂ ಬಳಸುವುದರಿಂದ, ತರಗತಿಗಳ ನಡುವಿನ ಬಿಡುವಿನಲ್ಲಿ ಆಟಗಾರರಿಗೆ ದೊರೆಯುವ ಬೇರೊಂದು ಅಂಕಣ ಅನಿವಾರ್ಯವಾಯಿತು.

ಇಂತಹ ಭವನದ ಜೀವಾಳವೆಂದರೆ ನೆಲ. ಗಟ್ಟಿ ಮೇಪಲ್ ಮರದ ಹಲಗೆಗಳನ್ನು ನೇರವಾಗಿ ಕಾಂಕ್ರೀಟಿನ ಮೇಲೆ ಹಾಸದೆ, ನಡುವೆ ರಬ್ಬರಿನ ಮೆತ್ತೆಗಳನ್ನೂ ಮರದ ಅಡಿಪದರವನ್ನೂ ಇರಿಸಲಾಗುತ್ತದೆ. ಆಟಗಾರ ಜಿಗಿದು ಇಳಿದಾಗ ಮಂಡಿ, ಹಿಮ್ಮಡಿಗಳಿಗೆ ತಗಲುವ ಆಘಾತದ ಒಂದಂಶವನ್ನು ಈ ಪದರಗಳು ಹೀರಿಕೊಳ್ಳುತ್ತವೆ. ಮರವು ತೇವವನ್ನು ಹೀರಿ ಉಬ್ಬುವ, ಒಣಗಿದಾಗ ಕುಗ್ಗುವ ವಸ್ತುವಾದ್ದರಿಂದ, ಗೋಡೆಯ ಬುಡದಲ್ಲಿ ಸುತ್ತಲೂ ಸಣ್ಣ ತೆರಪು ಬಿಟ್ಟು ಅದನ್ನು ಗಾಳಿಯಾಡುವ ಪಟ್ಟಿಯಿಂದ ಮುಚ್ಚುತ್ತಾರೆ. ಒಳಗಿನ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ವಾಸ್ತವವಾಗಿ ಇರುವ ಪಾಲು, ಸಾಮಾನ್ಯವಾಗಿ ಶೇ 35ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳದಿದ್ದರೆ ಹಲಗೆಗಳು ಉಬ್ಬಿ ಏಳುತ್ತವೆ ಇಲ್ಲವೇ ಬಿರುಕು ಬಿಡುತ್ತವೆ.

ಅಮೆರಿಕದ ಕಾಲೇಜು ಅಂಕಣ 94 ಅಡಿ ಉದ್ದ, 50 ಅಡಿ ಅಗಲವಿದ್ದು, ವೇಗವಾಗಿ ಓಡಿಬಂದ ಆಟಗಾರ ನಿಲ್ಲಲು ಗೆರೆಯಾಚೆ ಸಾಕಷ್ಟು ಜಾಗವೂ ಗೋಡೆಗಳಿಗೆ ಮೆತ್ತೆಯ ಹೊದಿಕೆಯೂ ಬೇಕು. ಎರಡು ತುದಿಗಳ ಬುಟ್ಟಿಗಳಲ್ಲದೆ ಪಕ್ಕಗಳಲ್ಲಿಯೂ 10 ಅಡಿ ಎತ್ತರದಲ್ಲಿ ಬುಟ್ಟಿಗಳನ್ನು ಅಳವಡಿಸಿದರೆ ಹಲವರು ಏಕಕಾಲಕ್ಕೆ ಎಸೆತದ ಅಭ್ಯಾಸ ಮಾಡಬಹುದು. ಬುಟ್ಟಿಯ ಹಿಂದೆ ದೊಡ್ಡ ಕಿಟಕಿಯಿದ್ದರೆ ಬಿಸಿಲು ಕಣ್ಣು ಕೋರೈಸಿ ಗುರಿ ತಪ್ಪುವುದರಿಂದ, ಉತ್ತರ ದಿಕ್ಕಿನ ಎತ್ತರದ ಕಿಟಕಿಗಳ ಹರಡಿದ ಬೆಳಕು ಅಲ್ಲಿ ಹೆಚ್ಚು ಸೂಕ್ತ.

ಪಂದ್ಯಗಳ ಋತುವಿನಲ್ಲಿ ವಿದ್ಯಾರ್ಥಿಗಳ ಕಡ್ಡಾಯ ಕ್ರೀಡಾ ಚಟುವಟಿಕೆ ವಾರಕ್ಕೆ 20 ಗಂಟೆ ಮೀರಬಾರದೆಂಬುದು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ನಿಯಮ. ಆದ್ದರಿಂದ ವ್ಯಾಯಾಮಶಾಲೆ, ಚಿಕಿತ್ಸಾ ಕೊಠಡಿ, ಬಿಸಿ ಹಾಗೂ ತಣ್ಣೀರಿನ ತೊಟ್ಟಿಗಳು, ಪಂದ್ಯದ ವಿಡಿಯೊ ನೋಡಿ ಚರ್ಚಿಸುವ ಕೋಣೆ ಇವೆಲ್ಲ ಅಂಕಣಕ್ಕೆ ಹೊಂದಿಕೊಂಡಿದ್ದಷ್ಟೂ ಸಮಯ ಉಳಿಯುತ್ತದೆ. 1972ರ ಟೈಟಲ್ ನೈನ್ ಕಾನೂನು ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿರುವುದರಿಂದ, ಮಹಿಳಾ ತಂಡಕ್ಕೂ ಸಮಾನ ಸೌಲಭ್ಯವನ್ನು ನಕ್ಷೆಯ ಹಂತದಲ್ಲಿಯೇ ಕಲ್ಪಿಸಬೇಕಾಗುತ್ತದೆ.

ಗಾಜಿನ ಮುಂಭಾಗ, ಟ್ರೋಫಿಗಳ ಸಾಲು ಕಟ್ಟಡಕ್ಕೆ ಶೋಭೆ ತರಬಹುದು. ಆದರೆ ಹಣದ ಮೊದಲ ಪಾಲು ಆಟಗಾರರ ದೇಹವನ್ನು ಕಾಯುವ ನೆಲಕ್ಕೆ, ಗಾಳಿಗೆ, ಬೆಳಕಿಗೆ ಸಲ್ಲಬೇಕು.