ದೋಣಿಯೇರುವ ಮುನ್ನ

ಗುಜರಾತಿನಲ್ಲಿ ನಾವು ನೆಲಸಿರುವ ಮೂರು ದೊಡ್ಡ ನಗರಗಳೂ ನದಿಗಳ ದಡದಲ್ಲಿಯೇ ಬೆಳೆದು ನಿಂತಿವೆ. ಅಹಮದಾಬಾದಿಗೆ ಸಾಬರಮತಿ, ವಡೋದರಕ್ಕೆ ವಿಶ್ವಾಮಿತ್ರಿ, ಸೂರತ್ತಿಗೆ ತಾಪಿ. 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಹುಟ್ಟುದೋಣಿಯ ಸ್ಪರ್ಧೆಗಳು ಸಾಬರಮತಿಯಲ್ಲಿಯೇ ನಡೆದವು. ಅಂತಹ ದೋಣಿಗಳನ್ನು ಕಂಡ ಬಾಲಕ ಬಾಲಕಿಯರಿಗೆ, ತಾವೂ ಗೆಳೆಯರೊಡಗೂಡಿ ನೀರಿನ ಮೇಲೆ ವಿಹರಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆ ಒಳ್ಳೆಯದೇ. ಆದರೆ ಜಲವಿಹಾರದ ಕ್ಷೇಮವೆಲ್ಲ ದಡದ ಮೇಲೆ ಮಾಡಿಕೊಳ್ಳುವ ಸಿದ್ಧತೆಯನ್ನು ಅವಲಂಬಿಸಿದೆ. ನೀರಿಗಿಳಿದ ಮೇಲೆ ಸಿದ್ಧತೆಯನ್ನು ನೆನೆಯುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.

2024ನೆಯ ಇಸವಿಯ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ವಿಹಾರಕ್ಕೆಂದು ಬಂದಿದ್ದ ಶಾಲೆಯ ಮಕ್ಕಳನ್ನು ಕೂರಿಸಿಕೊಂಡಿದ್ದ ದೋಣಿ ಮಗುಚಿ, 12 ಮಂದಿ ವಿದ್ಯಾರ್ಥಿಗಳೂ 2 ಮಂದಿ ಉಪಾಧ್ಯಾಯಿನಿಯರೂ ಪ್ರಾಣ ಕಳೆದುಕೊಂಡರು. ದೋಣಿ ಹೊರಬಹುದಾದುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಅನೇಕ ಮಕ್ಕಳ ಮೈಮೇಲೆ ಲೈಫ್ ಜಾಕೆಟ್ಟು ಇರಲಿಲ್ಲ. ಅದೇ ನಗರದ ಸೂರಸಾಗರದಲ್ಲಿ 1993ರಲ್ಲಿಯೂ ದೋಣಿ ಮಗುಚಿ 20ಕ್ಕೂ ಹೆಚ್ಚು ಜನ ಮಡಿದಿದ್ದರು. ಇವೆರಡೂ ಕೆರೆಗಳು. ಅಲ್ಲಿ ನದಿಯ ಸೆಳವಿಲ್ಲ, ಬಂಡೆಗಳಿಲ್ಲ. ನಿಂತ ನೀರಿನಲ್ಲಿಯೇ ಹೀಗಾದ ಮೇಲೆ ಹರಿವ ನೀರಿನಲ್ಲಿ ಎಷ್ಟು ಜಾಗರೂಕತೆ ಬೇಕೆಂಬುದನ್ನು ನೀವೇ ಯೋಚಿಸಿ.

ಭಾರ ಹೆಚ್ಚಾದರೆ ದೋಣಿ ಏಕೆ ಮಗುಚುತ್ತದೆ? ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆಂದು ವಿಜ್ಞಾನದ ಪಾಠದಲ್ಲಿ ಓದಿರುವಿರಿ. ಜನ ಹೆಚ್ಚಿದಂತೆಲ್ಲ ದೋಣಿ ಇನ್ನಷ್ಟು ಮುಳುಗಿ, ಅದರ ಅಂಚು ನೀರಿನ ಮಟ್ಟಕ್ಕೆ ಸಮೀಪವಾಗುತ್ತದೆ. ಆಗ ಯಾರಾದರೊಬ್ಬರು ಎದ್ದು ನಿಂತರೆ, ಇಲ್ಲವೆ ಎಲ್ಲರೂ ಚಿತ್ರ ತೆಗೆಸಿಕೊಳ್ಳಲು ಒಂದೇ ಪಕ್ಕಕ್ಕೆ ಸರಿದರೆ, ಆ ಕಡೆಯ ಅಂಚಿನಿಂದ ನೀರು ಒಳನುಗ್ಗುತ್ತದೆ. ನುಗ್ಗಿದ ನೀರು ತಗ್ಗಾದ ಕಡೆಗೇ ಹರಿದು ದೋಣಿಯನ್ನು ಮತ್ತಷ್ಟು ವಾಲಿಸುತ್ತದೆ. ಇದಕ್ಕೆ ಕೆಲವೇ ಕ್ಷಣಗಳು ಸಾಕು.

ಲೈಫ್ ಜಾಕೆಟ್ಟಿನ ಗುಟ್ಟೂ ಇಷ್ಟೇ ಸರಳವಾದುದು. ನಮ್ಮ ಶರೀರದ ತೂಕವು ಅಷ್ಟೇ ಗಾತ್ರದ ನೀರಿನ ತೂಕಕ್ಕೆ ಹೆಚ್ಚುಕಡಿಮೆ ಸಮನಾದುದರಿಂದ, ನಾವು ತೇಲಿದರೂ ಮೂಗು ಬಾಯಿಗಳು ನೀರಿನ ಮೇಲೆ ಉಳಿಯುವ ಭರವಸೆಯಿಲ್ಲ. ಜಾಕೆಟ್ಟಿನೊಳಗಿನ ಹಗುರವಾದ ಪದಾರ್ಥವು ಆ ಕೊರತೆಯನ್ನು ತುಂಬುತ್ತದೆ. ಈಜು ಬಲ್ಲವರಿಗೂ ಇದು ಬೇಕು. ತಲೆಗೆ ಪೆಟ್ಟು ಬಿದ್ದವನೂ ಗಾಬರಿಯಿಂದ ನೀರು ಕುಡಿದವನೂ ಈಜಲಾರರು. ಅದು ಅವರವರ ಮೈಯಳತೆಗೆ ಸರಿಯಾಗಿರಬೇಕು. ಎಲ್ಲ ಪಟ್ಟಿಗಳನ್ನೂ ಬಿಗಿದ ಬಳಿಕ ಗೆಳೆಯನೊಬ್ಬನು ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಲಿ. ಅದು ಕಿವಿಯವರೆಗೆ ಜಾರಿ ಬಂದರೆ ನೀರಿನಲ್ಲಿ ತಲೆಯಿಂದಲೇ ಕಳಚಿಹೋಗಬಹುದು. ದೋಣಿಯ ಮೂಲೆಯಲ್ಲಿ ರಾಶಿಹಾಕಿದ ಜಾಕೆಟ್ಟುಗಳು ಯಾರನ್ನೂ ಉಳಿಸಲಾರವು.

ಸಣ್ಣ ದೋಣಿಗಳಲ್ಲಿ ಎರಡು ಬಗೆಯವು ಪ್ರಸಿದ್ಧವಾಗಿವೆ. ಉತ್ತರ ಧ್ರುವದ ಸಮೀಪದ ಇನ್ಯುಟ್ ಜನರು ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡುತ್ತಿದ್ದ ದೋಣಿಯೇ ಕಯಾಕ್. ನಮ್ಮ ತುಂಗಭದ್ರೆಯ ಹರಿಗೋಲಿಗೂ ಹಿಂದೆ ಚರ್ಮವನ್ನೇ ಹೊದಿಸುತ್ತಿದ್ದರು. ಕಯಾಕಿನಲ್ಲಿ ಕಾಲು ಚಾಚಿ ಕುಳಿತು ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟನ್ನು ಹಾಕುವರು. ಕನೂ ಎಂಬುದು ಮೇಲೆ ತೆರೆದ ದೋಣಿ. ಅದರ ಹುಟ್ಟಿಗೆ ಒಂದೇ ಅಲಗು. ಎರಡೂ ಕಿರಿದಾದುದರಿಂದ ಬೇಗ ವಾಲುತ್ತವೆ. ಆದಕಾರಣ ಮೊದಲು ದಡದ ಪಕ್ಕದ ಆಳವಿಲ್ಲದ ನೀರಿನಲ್ಲಿ, ತಿಳಿದವರ ಎದುರಿನಲ್ಲಿ, ಬೇಕೆಂದೇ ಮಗುಚಿ ಹೊರಬರುವುದನ್ನು ಅಭ್ಯಾಸ ಮಾಡತಕ್ಕದ್ದು.

ಬಳಿಕ ನದಿಯ ಸ್ವಭಾವವನ್ನು ಅರಿಯಬೇಕು. ಅಹಮದಾಬಾದಿನಲ್ಲಿ ವಾಸಣಾ ಬ್ಯಾರೇಜು ಸಾಬರಮತಿಯ ನೀರನ್ನು ತಡೆದು ನಿಲ್ಲಿಸಿರುವುದರಿಂದ ಅದು ಶಾಂತವಾಗಿ ಕಾಣುತ್ತದೆ. ಆದರೆ ಬ್ಯಾರೇಜಿನ ಬಾಗಿಲುಗಳ ಹತ್ತಿರ ಸುಳಿಯಕೂಡದು. ವಿಶ್ವಾಮಿತ್ರಿಯಲ್ಲಿ ಮೊಸಳೆಗಳು ವಾಸವಾಗಿವೆ. ಅದು ದೋಣಿವಿಹಾರಕ್ಕೆ ತಕ್ಕ ನದಿಯಲ್ಲ. ತಾಪಿಯ ಮೇಲ್ಭಾಗದಲ್ಲಿ ಉಕಾಯಿ ಅಣೆಕಟ್ಟಿದೆ. 2006ರ ಆಗಸ್ಟಿನಲ್ಲಿ ಅಲ್ಲಿಂದ ಬಿಟ್ಟ ನೀರಿನಿಂದ ಸೂರತ್ ನಗರವೇ ಮುಳುಗಿತ್ತು. ಖಂಭಾತ ಕೊಲ್ಲಿಯನ್ನು ಸೇರುವ ನದಿಗಳ ಮುಖದಲ್ಲಿ ಸಮುದ್ರದ ಉಬ್ಬರವೂ ಪ್ರಬಲವಾದುದು. ರಜೆಯಲ್ಲಿ ಊರಿಗೆ ಹೋದಾಗ ದಾಂಡೇಲಿಯ ಕಾಳಿ ನದಿಯನ್ನು ಕಾಣುವವರೂ ನಿಮ್ಮಲ್ಲಿರಬಹುದು. ಅಲ್ಲಿ ಮೇಲ್ಭಾಗದ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಆಕಾಶ ತಿಳಿಯಾಗಿದ್ದರೂ ಹೊಳೆ ಏರುತ್ತದೆ. ಬಂಡೆಗಳಿರುವ ಅಂತಹ ಹೊಳೆಯಲ್ಲಿ ತಲೆಗೆ ಹೆಲ್ಮೆಟ್ಟೂ ಅವಶ್ಯಕ. ಅಣೆಕಟ್ಟಿನ ನೀರಿನ ವಿಚಾರವನ್ನೂ ಹವೆಯನ್ನೂ ವಿಚಾರಿಸದೆ ಹೊರಡಬಾರದು, ಮಳೆಗಾಲದಲ್ಲಂತೂ ಹೊರಡಲೇಬಾರದು.

ಗುಂಪಿನ ಪ್ರವಾಸಕ್ಕೆ ಕೆಲವು ಕಟ್ಟುಪಾಡುಗಳಿರಬೇಕು. ಹೋಗುವ ಸ್ಥಳವನ್ನೂ ಹಿಂತಿರುಗುವ ವೇಳೆಯನ್ನೂ ಬರೆದು ಮನೆಯಲ್ಲಿ ಕೊಟ್ಟಿರಬೇಕು. ಎಲ್ಲಕ್ಕೂ ಮುಂದಿನ ದೋಣಿಯಲ್ಲಿ ಒಬ್ಬ ಅನುಭವಿ, ಎಲ್ಲಕ್ಕೂ ಹಿಂದಿನದರಲ್ಲಿ ಇನ್ನೊಬ್ಬ ಅನುಭವಿ ಇರಲಿ; ಉಳಿದವರು ಇವರಿಬ್ಬರ ನಡುವೆ ಸಾಗಲಿ. ಇಬ್ಬಿಬ್ಬರಂತೆ ಜೊತೆಮಾಡಿ, ಒಬ್ಬರು ಇನ್ನೊಬ್ಬರ ಮೇಲೆ ಕಣ್ಣಿಡಬೇಕು. ಹತ್ತುವಾಗಲೂ ಇಳಿಯುವಾಗಲೂ ತಲೆಯೆಣಿಕೆ ತಪ್ಪಬಾರದು. ಸೀಟಿ, ಉದ್ದವಾದ ಹಗ್ಗ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಜೊತೆಗಿರಲಿ. ಆಪತ್ತಿನಲ್ಲಿ ಆಂಬ್ಯುಲೆನ್ಸಿಗೆ 108.

ಇಷ್ಟಾಗಿಯೂ ದೋಣಿ ಮಗುಚಿದರೆ ಅದನ್ನು ಬಿಡದೆ ಹಿಡಿದುಕೊಳ್ಳಿ. ದೋಣಿ ತೇಲುತ್ತದೆ, ದೂರದಿಂದಲೂ ಕಾಣುತ್ತದೆ. ಅದು ಬಂಡೆಯ ಕಡೆಗೆ ಸಾಗುತ್ತಿದ್ದರೆ ಮಾತ್ರ ಅದರ ಮುಂದೆ ಸಿಕ್ಕಿಕೊಳ್ಳದಂತೆ ದೂರ ಸರಿಯಿರಿ. ಸೆಳವಿನಲ್ಲಿ ಎದ್ದು ನಿಲ್ಲಲು ಯತ್ನಿಸಬೇಡಿ. ಕಲ್ಲಿನ ಸಂದಿನಲ್ಲಿ ಕಾಲು ಸಿಲುಕಿದರೆ ನೀರು ಮೈಯನ್ನು ಕೆಳಕ್ಕೆ ಒತ್ತುತ್ತದೆ. ಅಂಗಾತ ಮಲಗಿ, ಪಾದಗಳನ್ನು ಹರಿವಿನ ಮುಂದಕ್ಕೆ ಚಾಚಿ ತೇಲಿರಿ. ಮುಳುಗುವವನನ್ನು ಕಂಡೊಡನೆ ನೀರಿಗೆ ಹಾರಬಾರದು. ಗಾಬರಿಗೊಂಡವನು ರಕ್ಷಿಸಲು ಬಂದವನನ್ನೇ ಅಪ್ಪಿ ಮುಳುಗಿಸುವನು. ದಡದಿಂದ ಹಗ್ಗವನ್ನೋ ಕೋಲನ್ನೋ ನೀಡಿ, ಹಿರಿಯರನ್ನು ಕೂಗಿ ಕರೆಯಿರಿ.

ಕೊನೆಯದಾಗಿ ಒಂದು ಮಾತು. ಹಿರಿಯರ ಮಾತಿಗೆ ಎದುರಾಡಬಾರದೆಂದು ನಾವು ಉಪಾಧ್ಯಾಯರು ನಿಮಗೆ ಕಲಿಸುತ್ತೇವೆ. ಆದರೆ ದೋಣಿಯ ಬಳಿ ನಿಂತಾಗ, “ಗುರುಗಳೇ, ನನಗೆ ಜಾಕೆಟ್ಟು ಎಲ್ಲಿ? ಈ ದೋಣಿಯಲ್ಲಿ ಎಷ್ಟು ಜನ ಕೂರಬಹುದು?” ಎಂದು ಕೇಳುವುದು ಅವಿಧೇಯತೆಯಲ್ಲ. ಉತ್ತರ ಸರಿಯಾಗಿ ಬಾರದಿದ್ದರೆ ಹತ್ತದೆ ದಡದಲ್ಲಿಯೇ ನಿಲ್ಲಿ. ಪಕ್ಕದ ಚಿಕ್ಕವರನ್ನೂ ಹತ್ತಗೊಡಬೇಡಿ. ಹಾಗೆ ಕೇಳಿದ ವಿದ್ಯಾರ್ಥಿಯನ್ನು ಗದರಿಸದೆ, ನಿಂತು ಉತ್ತರ ಕೊಡುವುದು ನಮ್ಮ ಧರ್ಮ.