ಕಲಿತ ನಡೆ, ಹೊಳೆದ ನಡೆ

1988ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ನಗರದ ಚೆಸ್ ಟೂರ್ನಿಯಲ್ಲಿ ವಿಶ್ವನಾಥನ್ ಆನಂದ್ ಆರೇ ನಡೆಗಳಲ್ಲಿ ಸೋತರು. ಆಗ ಅವರಿಗೆ 18 ವರ್ಷ. ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂಬ ಹೆಸರು ಅದಾಗಲೇ ಬಂದಿತ್ತು. ಎದುರಾಳಿ ಕೊಲಂಬಿಯಾದ ಅಲೊನ್ಸೊ ಜಪಾಟಾ. ಐದನೇ ನಡೆಯಲ್ಲಿ ಆನಂದ್ ತಮ್ಮ ಒಂಟೆಯನ್ನು ಎಫ್5 ಮನೆಗೆ ತಂದರು. ಜಪಾಟಾ ರಾಣಿಯನ್ನು ಓರೆಯಾಗಿ ಒಂದೇ ಒಂದು ಮನೆ ಸರಿಸಿ ಇ2ರಲ್ಲಿಟ್ಟರು. ಅಲ್ಲಿಗೆ ಆಟ ಮುಗಿಯಿತು.

ಆ ಸ್ಥಿತಿಯನ್ನು ಕೊಂಚ ಹತ್ತಿರದಿಂದ ನೋಡೋಣ. ಇ4ರಲ್ಲಿ ಆನಂದ್ ಅವರ ಕಪ್ಪು ಕುದುರೆ ನಿಂತಿದೆ. ಅದೇ ಸಾಲಿನ ತುದಿಯಲ್ಲಿ, ಇ8ರಲ್ಲಿ, ಅವರ ರಾಜ. ನಡುವಿನ ಮೂರೂ ಮನೆಗಳು ಖಾಲಿ. ಬಿಳಿ ರಾಣಿ ಅದೇ ಸಾಲಿಗೆ ಬಂದ ಮೇಲೆ ಕುದುರೆ ಕದಲುವಂತಿಲ್ಲ, ಕದಲಿದರೆ ರಾಜ ಬಯಲಿಗೆ ಬೀಳುತ್ತಾನೆ. ಕಾಲಾಳನ್ನು ಮುಂದೆ ತಳ್ಳಿ ಕುದುರೆಗೆ ಆಸರೆ ಕೊಟ್ಟರೆ ಬಿಳಿಯ ಕಾಲಾಳೊಂದು ಡಿ3ಕ್ಕೆ ಬಂದು ಅದನ್ನು ಕಬಳಿಸಲು ನಿಲ್ಲುತ್ತದೆ. ರಾಣಿಯನ್ನು ಅಡ್ಡ ತಂದರೆ ಬಿಳಿ ಕುದುರೆ ಡಿ5ಕ್ಕೆ ಹಾರಿ ಆ ರಾಣಿಯನ್ನೇ ಅಟ್ಟುತ್ತದೆ. ಹೇಗೆ ಆಡಿದರೂ ಒಂದು ಕಾಯಿ ಕೈತಪ್ಪುವುದು ಖಚಿತ.

ಆ ಒಂಟೆಯ ನಡೆ ಆನಂದ್ ಅವರ ಸ್ವಂತದ್ದಾಗಿರಲಿಲ್ಲ. ಹಿಂದಿನ ವರ್ಷ ಟೋನಿ ಮೈಲ್ಸ್ ಮತ್ತು ಲ್ಯಾರಿ ಕ್ರಿಸ್ಟಿಯನ್‌ಸನ್ ನಡುವಿನ ಆಟದಲ್ಲಿ ಅದೇ ನಡೆ ಬಂದಿತ್ತು. ಮೈಲ್ಸ್ ರಾಣಿಯನ್ನು ಇ2ಕ್ಕೆ ತರಲಿಲ್ಲ, ಆಟ ಡ್ರಾ ಆಯಿತು, ಅಚ್ಚೂ ಆಯಿತು. ಹೆಸರಾಂತ ಆಟಗಾರರು ಆಡಿದ, ಮುದ್ರಣಗೊಂಡ ನಡೆ ಎಂಬ ನಂಬಿಕೆ ಪರೀಕ್ಷೆಯ ಜಾಗವನ್ನು ಆಕ್ರಮಿಸಿತು. ಮುಂದೆ ಐದು ಸಲ ವಿಶ್ವ ಚಾಂಪಿಯನ್ ಆದ ಪ್ರತಿಭೆಗೂ ಇಂಥದ್ದು ಆಗುತ್ತದೆ ಎಂದಾದರೆ, ಚೆಸ್‌ನಲ್ಲಿ ನೆನಪಿಗೂ ಆಲೋಚನೆಗೂ ಇರುವ ಸಂಬಂಧವನ್ನು ಗಂಭೀರವಾಗಿ ನೋಡಲೇಬೇಕು.

ಉರು ಹೊಡೆಯುವುದು ಏಕೆ?

ಆಟ ಶುರುವಾಗುವಾಗ ಬಿಳಿಯವರ ಮುಂದೆ 20 ನಡೆಗಳಿವೆ. ಕಪ್ಪಿನವರಿಗೂ 20. ಹೀಗಾಗಿ ಒಂದೊಂದು ನಡೆ ಮುಗಿಯುವಷ್ಟರಲ್ಲಿ 400 ದಾರಿಗಳು ತೆರೆಯುತ್ತವೆ. ಇಬ್ಬರೂ ಎರಡೆರಡು ನಡೆ ಆಡಿದಾಗ ದಾರಿಗಳ ಸಂಖ್ಯೆ 1,97,281. ಮೂರು ಮೂರು ನಡೆಗೆ ಅದು 11 ಕೋಟಿ 90 ಲಕ್ಷವನ್ನು ದಾಟುತ್ತದೆ. ಗಡಿಯಾರ ಓಡುತ್ತಿರುವಾಗ ಈ ಕಾಡಿನಲ್ಲಿ ಒಬ್ಬನೇ ದಾರಿ ಹುಡುಕುವುದು ಕಷ್ಟ. ಆದ್ದರಿಂದ ಹಿಂದಿನವರು ನಡೆದು ನೋಡಿದ ದಾರಿಗಳನ್ನು ಆಟಗಾರರು ಕಲಿತುಕೊಳ್ಳುತ್ತಾರೆ. ಇವೇ ಓಪನಿಂಗ್‌ಗಳು. ಸ್ಪ್ಯಾನಿಷ್, ಸಿಸಿಲಿಯನ್, ಫ್ರೆಂಚ್ ಎಂದು ಒಂದೊಂದಕ್ಕೂ ಹೆಸರುಂಟು, ಕವಲು ಉಪಕವಲುಗಳುಂಟು.

ಈ ಕಲಿಕೆ ಮಿದುಳಿನಲ್ಲಿ ಏನು ಮಾಡುತ್ತದೆ? 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಒಂದು ಪ್ರಯೋಗ ಪ್ರಕಟಿಸಿದರು. ಆಟದ ನಡುವಿನ ಒಂದು ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ಮಾಸ್ಟರ್ ಆಟಗಾರ ಸುಮಾರು 16 ಕಾಯಿಗಳನ್ನು ಸರಿಯಾದ ಮನೆಯಲ್ಲಿಟ್ಟರೆ ಹೊಸಬ ನಾಲ್ಕರ ಆಸುಪಾಸಿನಲ್ಲೇ ನಿಂತ. ಆಮೇಲೆ ಕಾಯಿಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಿ ಅದೇ ಪರೀಕ್ಷೆ ಮಾಡಿದರು. ಈಗ ಮಾಸ್ಟರ್‌ಗೂ ಹೊಸಬನಿಗೂ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ. ಓದು ಬಲ್ಲವರು ಅಕ್ಷರ ಅಕ್ಷರ ಕೂಡಿಸದೆ ಇಡೀ ಪದವನ್ನು ಒಂದೇ ನೋಟಕ್ಕೆ ಹಿಡಿಯುವಂತೆ, ಮಾಸ್ಟರ್ ನಾಲ್ಕಾರು ಕಾಯಿಗಳ ಪರಿಚಿತ ಜೋಡಣೆಯನ್ನು ಒಂದೇ ಗುಂಪಾಗಿ ಗುರುತಿಸುತ್ತಾನೆ. ವರ್ಷಗಟ್ಟಲೆ ಆಡಿ, ಓದಿ ಗಳಿಸಿದ ಸಂಪತ್ತು ಅದು. ನೆನಪಿಲ್ಲದೆ ಒಳ್ಳೆಯ ಚೆಸ್ ಇಲ್ಲ.

ಅದೇ ನೆನಪು ಕಣ್ಣಿಗೆ ಪಟ್ಟಿಯನ್ನೂ ಕಟ್ಟಬಲ್ಲದು. 2008ರಲ್ಲಿ ಮೆರಿಮ್ ಬಿಲಾಲಿಚ್, ಪೀಟರ್ ಮೆಕ್ಲಾಯ್ಡ್ ಮತ್ತು ಫರ್ನಾಂಡ್ ಗೊಬೆ ಇದನ್ನು ಸೊಗಸಾಗಿ ತೋರಿಸಿಕೊಟ್ಟರು. ಅವರು ಕೊಟ್ಟ ಸಮಸ್ಯೆಗೆ ಎರಡು ಉತ್ತರಗಳಿದ್ದವು. ಒಂದು, ಅನುಭವಿಗಳೆಲ್ಲ ಬಲ್ಲ ಪ್ರಸಿದ್ಧ ಚೆಕ್‌ಮೇಟ್. ಇನ್ನೊಂದು, ಅದಕ್ಕಿಂತ ಕಡಿಮೆ ನಡೆಗಳಲ್ಲಿ ಮುಗಿಯುವ, ಅಷ್ಟಾಗಿ ಪರಿಚಯವಿಲ್ಲದ ದಾರಿ. ಪ್ರಸಿದ್ಧ ಉತ್ತರ ಹೊಳೆದ ಮೇಲೂ ಆಟಗಾರರು ಇನ್ನೂ ಉತ್ತಮವಾದದ್ದನ್ನು ಹುಡುಕುತ್ತಿದ್ದೇವೆ ಎಂದೇ ಹೇಳಿದರು. ಆದರೆ ಕಣ್ಣಿನ ಚಲನೆ ದಾಖಲಿಸುವ ಉಪಕರಣ ಬೇರೆಯೇ ಹೇಳಿತು. ಅವರ ನೋಟ ಮತ್ತೆ ಮತ್ತೆ ಮೊದಲ ಉತ್ತರಕ್ಕೆ ಸಂಬಂಧಿಸಿದ ಮನೆಗಳ ಮೇಲೇ ಸುಳಿಯುತ್ತಿತ್ತು. ಗೊತ್ತಿರುವ ಉತ್ತರ ಎದುರಿಗಿದ್ದಾಗ ಮನಸ್ಸು ಹುಡುಕಾಟವನ್ನು ನಿಲ್ಲಿಸಿಬಿಡುತ್ತದೆ, ನಿಲ್ಲಿಸಿದ್ದು ನಮಗೇ ತಿಳಿಯುವುದಿಲ್ಲ.

ಪುಸ್ತಕ ಓದದ ಚಾಂಪಿಯನ್

ಹಾಗಾದರೆ ಓಪನಿಂಗ್‌ಗಳ ಪಾಠವೇ ಇಲ್ಲದೆ ಎಷ್ಟು ಎತ್ತರಕ್ಕೆ ಏರಬಹುದು? ಇದಕ್ಕೆ ಮೀರ್ ಸುಲ್ತಾನ್ ಖಾನರ ಬದುಕೇ ಉತ್ತರ. ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಕಲಿತದ್ದು ಭಾರತದಲ್ಲಿ ಆಗ ರೂಢಿಯಲ್ಲಿದ್ದ ದೇಸಿ ಚದುರಂಗ. ಅದರಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಮುಂದಿಡಬೇಕು. ರಾಜ, ಆನೆ ಒಂದೇ ನಡೆಯಲ್ಲಿ ಒಟ್ಟಿಗೆ ಸರಿಯುವ ಕ್ಯಾಸ್ಲಿಂಗ್ ಇಲ್ಲ, ಬದಲಿಗೆ ರಾಜ ಒಮ್ಮೆ ಕುದುರೆಯಂತೆ ಹಾರಬಹುದು. ಯುರೋಪಿನ ಓಪನಿಂಗ್ ಗ್ರಂಥಗಳಿಗೆ ಈ ಆಟದಲ್ಲಿ ಕೆಲಸವೇ ಇರಲಿಲ್ಲ. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರ ಜೊತೆ ಲಂಡನ್ನಿಗೆ ಹೋದ ಸುಲ್ತಾನ್ ಖಾನ್ 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಅದೇ ಪಟ್ಟವನ್ನು ಮತ್ತೆ ಗೆದ್ದರು. 1930-31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು ಮಣಿಸಿದರು. ಆರಂಭದ ಹಂತದಲ್ಲಿ ಅವರು ಹಲವು ಸಲ ಹಿಂದೆ ಬೀಳುತ್ತಿದ್ದರು, ಆಟದ ನಡುವಿನಲ್ಲಿ ಮತ್ತು ಕೊನೆಯಲ್ಲಿ ಅದನ್ನು ತುಂಬಿಕೊಳ್ಳುತ್ತಿದ್ದರು. 2024ರಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿತು. ಪಾಠದ ಕೊರತೆಗೆ ಅವರು ಬೆಲೆ ತೆತ್ತದ್ದು ನಿಜ. ಸ್ವಂತ ಬುದ್ಧಿ ಎಷ್ಟು ದೂರ ಒಯ್ಯಬಲ್ಲದು ಎಂಬುದನ್ನು ತೋರಿಸಿದ್ದೂ ಅಷ್ಟೇ ನಿಜ.

ಯಂತ್ರವೂ ಬಾಯಿಪಾಠ ಮಾಡಿತ್ತು

ಕಂಪ್ಯೂಟರ್ ಎಂದರೆ ಎಲ್ಲವನ್ನೂ ಲೆಕ್ಕ ಹಾಕಿಯೇ ಆಡುತ್ತದೆ ಎಂಬ ಭಾವನೆ ಸಾಮಾನ್ಯ. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಎದುರು ಕೂತ ಐಬಿಎಂನ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಅಷ್ಟು ಶಕ್ತಿಯಿದ್ದರೂ ಆರಂಭದ ನಡೆಗಳನ್ನು ಅದರ ಲೆಕ್ಕಕ್ಕೇ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಗ್ರ್ಯಾಂಡ್‌ಮಾಸ್ಟರ್ ಜೋಯೆಲ್ ಬೆಂಜಮಿನ್ ಮತ್ತು ಸಂಗಡಿಗರು ಸುಮಾರು 4,000 ಸ್ಥಿತಿಗಳಿದ್ದ ಓಪನಿಂಗ್ ಬುಕ್ಕನ್ನು ಕೈಯಾರೆ ತಿದ್ದಿ ಅದಕ್ಕೆ ಕೊಟ್ಟಿದ್ದರು. ಅದರ ಬೆನ್ನಿಗೆ ಗ್ರ್ಯಾಂಡ್‌ಮಾಸ್ಟರ್‌ಗಳ 7 ಲಕ್ಷ ಆಟಗಳ ಸಂಗ್ರಹವೂ ಇತ್ತು.

ಕಾಸ್ಪರೋವ್‌ಗೆ ಇದು ಗೊತ್ತಿತ್ತು. ಮೂರನೇ ಆಟದಲ್ಲಿ ಅವರು ರಾಣಿಯ ಮುಂದಿನ ಕಾಲಾಳನ್ನು ಒಂದೇ ಮನೆ ಮುಂದಿಟ್ಟರು. ಆ ಮಟ್ಟದಲ್ಲಿ ಹೆಚ್ಚುಕಡಿಮೆ ಯಾರೂ ಆಡದ ಆರಂಭ ಅದು. ಯಂತ್ರವನ್ನು ಬುಕ್ಕಿನಿಂದ ಹೊರಗೆಳೆದು ಒಂಟಿಯಾಗಿ ಯೋಚಿಸುವಂತೆ ಮಾಡುವುದು ಅವರ ಉದ್ದೇಶ. ಆಟ ಡ್ರಾ ಆಯಿತು. ಐದು ಆಟಗಳ ನಂತರ ಅಂಕಗಳು ಸಮ. ಆರನೆಯ ಹಾಗೂ ಕೊನೆಯ ಆಟದಲ್ಲಿ ಕಾಸ್ಪರೋವ್ ಕಾರೊ-ಕಾನ್ ರಕ್ಷಣೆ ಆಡುತ್ತ, ಏಳನೇ ನಡೆಯಲ್ಲಿ ಅಂಚಿನ ಕಾಲಾಳನ್ನು ಮುಂದಿಟ್ಟು ಬಿಳಿ ಕುದುರೆಯನ್ನು ಅಟ್ಟಿದರು. ಡೀಪ್ ಬ್ಲೂ ಹಿಂದೆ ಸರಿಯಲಿಲ್ಲ. ಇ6ರ ಕಾಲಾಳನ್ನು ಹೊಡೆದು ಕುದುರೆಯನ್ನೇ ಬಲಿ ಕೊಟ್ಟಿತು. ಲಾಭ ಬಹುದೂರದಲ್ಲಿರುವ ಇಂಥ ಬಲಿಯನ್ನು ಆ ಕಾಲದ ಯಂತ್ರಗಳು ತಾವಾಗಿ ಕೊಡುವುದು ಅಪರೂಪ. ಆ ನಡೆ ಬುಕ್ಕಿನಲ್ಲಿತ್ತು. 19 ನಡೆಗಳಲ್ಲಿ ಕಾಸ್ಪರೋವ್ ಸೋಲೊಪ್ಪಿಕೊಂಡರು. ಲೆಕ್ಕದ ಯಂತ್ರ ಚರಿತ್ರೆ ಬರೆದ ಆಟದ ತಿರುವು ಮನುಷ್ಯರು ತುಂಬಿಸಿಟ್ಟ ನೆನಪಿನಿಂದ ಬಂದಿತ್ತು.

ಸೊನ್ನೆಯಿಂದ ಹೊರಟಾಗ

20 ವರ್ಷಗಳ ಬಳಿಕ, 2017ರಲ್ಲಿ, ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆ ಆಲ್ಫಾಝೀರೋ ಎಂಬ ಪ್ರೋಗ್ರಾಂ ಅನ್ನು ಮುಂದಿಟ್ಟಿತು. ಅದಕ್ಕೆ ಓಪನಿಂಗ್ ಬುಕ್ ಇರಲಿಲ್ಲ, ಮನುಷ್ಯರ ಒಂದು ಆಟವನ್ನೂ ತೋರಿಸಿರಲಿಲ್ಲ. ನಿಯಮ ಮಾತ್ರ ಹೇಳಿಕೊಟ್ಟಿದ್ದರು. ಅದು ತನ್ನೊಡನೆ ತಾನೇ 4 ಕೋಟಿಗೂ ಮಿಕ್ಕಿ ಆಟವಾಡಿ, ಗೆದ್ದಾಗ ಗೆಲ್ಲಿಸಿದ ಬಗೆಯ ನಡೆಗಳತ್ತ ಒಲವು ಹೆಚ್ಚಿಸಿಕೊಳ್ಳುತ್ತ ಕಲಿಯಿತು. ಮೊದಲ 100 ಆಟಗಳ ಪಂದ್ಯದಲ್ಲಿ ಸ್ಟಾಕ್‌ಫಿಶ್ ಎಂಬ ಅಗ್ರ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ವಿರುದ್ಧ 28 ಗೆದ್ದು 72 ಡ್ರಾ ಮಾಡಿಕೊಂಡಿತು, ಒಂದನ್ನೂ ಸೋಲಲಿಲ್ಲ. ಸ್ಟಾಕ್‌ಫಿಶ್‌ಗೆ ಬುಕ್ ಕೊಟ್ಟಿರಲಿಲ್ಲ ಎಂಬ ಆಕ್ಷೇಪ ಬಂತು. ಮುಂದೆ ಬಲವಾದ ಓಪನಿಂಗ್ ಬುಕ್ ಕೊಟ್ಟ ಸ್ಟಾಕ್‌ಫಿಶ್ ವಿರುದ್ಧವೂ ಆಲ್ಫಾಝೀರೋ ಮೇಲುಗೈ ಸಾಧಿಸಿತು.

ನನಗೆ ಇದರಲ್ಲಿ ಗೆಲುವಿಗಿಂತ ದೊಡ್ಡದಾಗಿ ಕಾಣುವುದು ಅದು ಕಲಿತ ಕ್ರಮ. ಮನುಷ್ಯರು ಅತಿ ಹೆಚ್ಚು ಆಡುವ 12 ಓಪನಿಂಗ್‌ಗಳನ್ನೂ ಅದು ತಾನಾಗಿಯೇ ಕಂಡುಕೊಂಡಿತ್ತು. ಶತಮಾನಗಳ ನಮ್ಮ ಚೆಸ್ ಪರಂಪರೆ ಬರೀ ರೂಢಿಯ ಮೂಟೆಯಲ್ಲ, ಅದರೊಳಗೆ ಆಟದ ಸತ್ಯವಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಕೂಡ ಪಾಲ್ಗೊಂಡಿದ್ದರು. ಮನುಷ್ಯರು ನಡೆದ ದಾರಿಯನ್ನೂ ಯಂತ್ರದ ದಾರಿಯನ್ನೂ ಅಲ್ಲಿ ಅಕ್ಕಪಕ್ಕ ಇಟ್ಟು ನೋಡಿದರು. ಉಪಲಬ್ಧವಿರುವ ಹಳೆಯ ಆಟಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟೇ ಶುರು ಮಾಡುತ್ತಿದ್ದರು. ಬೇರೆ ಆರಂಭಗಳು ಸೇರಿಕೊಳ್ಳಲು ಶತಮಾನಗಳೇ ಹಿಡಿದವು. ಆಲ್ಫಾಝೀರೋ ಇದಕ್ಕೆ ತಿರುಗುಮುರುಗು. ಅದು 20 ನಡೆಗಳನ್ನೂ ಪ್ರಯತ್ನಿಸಿ, ಸೋತು ಗೆದ್ದು, ಕೆಲವೇ ಕೆಲವಕ್ಕೆ ಇಳಿಯಿತು. ನಾವು ಗುರು ಹೇಳಿದ್ದರಿಂದ ಹೊರಟು ಮೆಲ್ಲನೆ ಹರಡಿಕೊಂಡೆವು, ಅದು ಎಲ್ಲ ಕಡೆಯಿಂದ ಹೊರಟು ಕಿರಿದಾಗುತ್ತ ಬಂತು. ಇನ್ನೂ ಒಂದು ಸಂಗತಿ: ಅದೇ ಪ್ರೋಗ್ರಾಂಗೆ ಮತ್ತೆ ಮೊದಲಿನಿಂದ ತರಬೇತಿ ಕೊಟ್ಟಾಗ ಸ್ಪ್ಯಾನಿಷ್ ಓಪನಿಂಗ್‌ನಲ್ಲಿ ಕಪ್ಪಿನವರ ಉತ್ತರ ಪ್ರತಿ ಸಲ ಒಂದೇ ಆಗಿರಲಿಲ್ಲ. ಸೊನ್ನೆಯಿಂದ ಯೋಚಿಸಿದರೂ ಒಳ್ಳೆಯ ಉತ್ತರ ಒಂದಕ್ಕಿಂತ ಹೆಚ್ಚಿರಬಹುದು.

ಎಲ್ಲರ ಕೈಯಲ್ಲೂ ಒಂದೇ ಉತ್ತರ

ಇಂದು ಪಾತ್ರಗಳು ಅದಲುಬದಲಾಗಿವೆ. ಬುಕ್ಕಿಲ್ಲದೆ ಯಂತ್ರ ಯೋಚಿಸಬಲ್ಲದು, ಯಂತ್ರದ ಯೋಚನೆಯನ್ನು ಮನುಷ್ಯ ಬಾಯಿಪಾಠ ಮಾಡುತ್ತಾನೆ. ಇಬ್ಬರೂ ಅದೇ ಎಂಜಿನ್ ಕೇಳಿಕೊಂಡು ಬಂದರೆ ಆಟ ಸಮದಲ್ಲಿ ಮುಗಿಯುವ ಸಂಭವ ಹೆಚ್ಚು. 2018ರಲ್ಲಿ ಲಂಡನ್ನಿನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಫ್ಯಾಬಿಯಾನೊ ಕರುವಾನ ನಡುವಿನ ವಿಶ್ವ ಚಾಂಪಿಯನ್‌ಷಿಪ್‌ನ 12 ಕ್ಲಾಸಿಕಲ್ ಆಟಗಳೂ ಡ್ರಾ ಆದವು. ಎಂಜಿನ್‌ಗಳ ನಡುವಿನ ಪ್ರತಿಷ್ಠಿತ ಸ್ಪರ್ಧೆ ಟಿಸಿಇಸಿಯಲ್ಲಿ ಈ ತೊಂದರೆ ಇನ್ನೂ ತೀವ್ರ. ಅದಕ್ಕೇ ಅಲ್ಲಿ ಆರಂಭದ ನಡೆಗಳನ್ನು ಸಂಘಟಕರೇ ಆರಿಸಿ ಕೊಡುತ್ತಾರೆ, ಒಂದು ಬದಿಗೆ ಕೊಂಚ ವಾಲಿದ ಸ್ಥಿತಿಯಿಂದ ಎಂಜಿನ್‌ಗಳು ಬಣ್ಣ ಬದಲಿಸಿ ಎರಡು ಸಲ ಆಡುತ್ತವೆ.

ಇದರಿಂದ ಹೊರಬರಲು ಎರಡು ದಾರಿಗಳು ಕಾಣುತ್ತಿವೆ. ಮೊದಲನೆಯದನ್ನು ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1996ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಘೋಷಿಸಿದರು. ಹಿಂದಿನ ಸಾಲಿನ ಕಾಯಿಗಳನ್ನು ಚೀಟಿ ಎತ್ತಿದಂತೆ ಜೋಡಿಸುವುದು ಅವರ ಉಪಾಯ. ಒಂಟೆಗಳು ಬೇರೆ ಬೇರೆ ಬಣ್ಣದ ಮನೆಯಲ್ಲಿರಬೇಕು, ರಾಜ ಎರಡು ಆನೆಗಳ ನಡುವೆ ಇರಬೇಕು. ಒಂಟೆಗಳಿಗೆ ನಾಲ್ಕು ನಾಲ್ಕು ಮನೆ, ರಾಣಿಗೆ ಉಳಿದ ಆರು, ಕುದುರೆಗಳಿಗೆ ಹತ್ತು ಬಗೆಯ ಜೋಡಿ ಮನೆ: ಇವುಗಳ ಗುಣಲಬ್ಧ 960. ಅಷ್ಟೂ ಆರಂಭಗಳಿಗೆ ಪಾಠ ಕಟ್ಟಿಕೊಂಡು ಬರುವುದು ಯಾರಿಗೂ ಸಾಧ್ಯವಿಲ್ಲ. ಚೆಸ್960 ಎಂದು ಹೆಸರಾದ ಈ ಆಟದ ಫಿಡೆ ವಿಶ್ವ ಚಾಂಪಿಯನ್‌ಷಿಪ್‌ನ್ನು 2019ರಲ್ಲಿ ವೆಸ್ಲಿ ಸೋ, 2022ರಲ್ಲಿ ಹಿಕಾರು ನಕಾಮುರಾ ಗೆದ್ದರು.

ಎರಡನೆಯ ದಾರಿ ಹಳೆಯ ಆಟದೊಳಗೇ ಇದೆ. 2023ರಲ್ಲಿ ಆಸ್ತಾನದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಎರಡನೇ ಆಟದಲ್ಲಿ ಚೀನಾದ ಡಿಂಗ್ ಲಿರೆನ್ ನಾಲ್ಕನೇ ನಡೆಗೇ ಅಂಚಿನ ಕಾಲಾಳನ್ನು ಒಂದು ಮನೆ ಸರಿಸಿದರು. ನೋಡಲು ಏನೂ ಅಲ್ಲದ ನಡೆ, ಆದರೆ ಎದುರಾಳಿ ನೆಪೊಮ್ನಿಯಾಶಿಯವರ ತಯಾರಿಯ ಬಹುಭಾಗ ಅದರಿಂದ ಕೆಲಸಕ್ಕೆ ಬಾರದಾಯಿತು. ಡಿಂಗ್ ಆ ಆಟ ಸೋತರು. ಎದೆಗುಂದದೆ ಮುಂದೆ ಲಂಡನ್, ಕೋಲೆ ಮುಂತಾದ, ಅಗ್ರ ಆಟಗಾರರು ಸಪ್ಪೆ ಎಂದು ಬದಿಗಿಟ್ಟಿದ್ದ ಆರಂಭಗಳಿಂದ ಎರಡು ಆಟ ಗೆದ್ದರು. 14ರಲ್ಲಿ ಆರು ಆಟಗಳಿಗೆ ಸೋಲು ಗೆಲುವು ಬಂತು, ಟೈಬ್ರೇಕ್‌ನಲ್ಲಿ ಪಟ್ಟ ಡಿಂಗ್‌ಗೆ ಒಲಿಯಿತು. ಎಂಜಿನ್ ಮೊದಲ ಸ್ಥಾನ ಕೊಡದ, ಆದರೆ ತಪ್ಪೂ ಅಲ್ಲದ ನಡೆಯನ್ನು ಆರಿಸಿ, ಅಲ್ಲಿಂದ ಇಬ್ಬರೂ ತಲೆ ಓಡಿಸುವಂತೆ ಮಾಡುವುದು ಇಂದಿನ ನಿಜವಾದ ಸ್ವಂತಿಕೆ. ಅದಕ್ಕೂ ಅಪಾರ ಕಲಿಕೆ ಬೇಕು, ಯಾಕೆಂದರೆ ಎಲ್ಲರೂ ಬಲ್ಲ ದಾರಿ ಯಾವುದೆಂದು ತಿಳಿಯದವನು ಅದನ್ನು ಬಿಟ್ಟು ನಡೆಯಲಾರ.

ನೆನಪಿಗೂ ಸ್ವಂತಿಕೆಗೂ ಜಗಳ ಹಚ್ಚುವುದು ತಪ್ಪು ಎಂದು ನಾನು ನಂಬುವುದು ಇದಕ್ಕೇ. ಕಾರಣ ಸಮೇತ ಕಲಿತ ನಡೆ ಎದುರಾಳಿ ದಾರಿ ತಪ್ಪಿಸಿದಾಗಲೂ ಕೈಹಿಡಿಯುತ್ತದೆ. ಕಾರಣವಿಲ್ಲದೆ ಕಲಿತದ್ದು ಒಂದು ಅನಿರೀಕ್ಷಿತ ನಡೆಗೆ ಕುಸಿಯುತ್ತದೆ. ನಮ್ಮ ಊರುಗಳಲ್ಲಿ ಈಗ ಚೆಸ್ ತರಗತಿಗಳು ಹೆಚ್ಚುತ್ತಿವೆ. ಮಗು ಹದಿನೈದು ನಡೆಗಳನ್ನು ತಡವರಿಸದೆ ಒಪ್ಪಿಸಿದಾಗ ತಂದೆತಾಯಿಗೆ ಸಂತೋಷವಾಗುವುದು ಸಹಜ. ಅದರ ಜೊತೆಗೆ, ಪ್ರತಿ ನಡೆಗೂ ‘ಇದನ್ನೇ ಏಕೆ ಆಡಿದೆ, ಎದುರಾಳಿ ಪಾಠದಲ್ಲಿಲ್ಲದ್ದನ್ನು ಆಡಿದರೆ ಏನು ಮಾಡುತ್ತೀ?’ ಎಂದು ಕೇಳುವ ಗುರುವೂ ಆ ಮಗುವಿಗೆ ಸಿಗಬೇಕು. ವಾರಕ್ಕೊಮ್ಮೆಯಾದರೂ ಕಾಯಿಗಳನ್ನು ಕಲಸಿ ಚೆಸ್960 ಆಡಿಸಬೇಕು. ಸರಿಯುತ್ತರ ಯಾವುದೆಂದು ಹೇಳಲು ಮೊಬೈಲಿನೊಳಗಿನ ಎಂಜಿನ್ ಸಾಕು. ಆ ಉತ್ತರವನ್ನು ಪ್ರಶ್ನಿಸಿ, ತನ್ನದಾಗಿಸಿಕೊಂಡು, ಬೇಕಾದಾಗ ಬಿಟ್ಟುಕೊಡುವ ಧೈರ್ಯವನ್ನು ಮಾತ್ರ ಮಗು ತಾನೇ ಆಡಿ, ಸೋತು, ಮತ್ತೆ ಆಡಿ ಸಂಪಾದಿಸಬೇಕು.