ಹತ್ತಿ ಸೀಮೆಗೆ ಹಾಸಿಗೆ ಎಲ್ಲಿಂದ ಬರಬೇಕು?

ಹತ್ತಿ ಬಿಡಿಸುವ ದಿನಗಳಲ್ಲಿ ಆದವಾನಿ ಮಾರುಕಟ್ಟೆಗೆ ಬಂದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಟ್ರ್ಯಾಕ್ಟರು, ಲಾರಿ, ಆಟೊ ಯಾವುದನ್ನು ನೋಡಿದರೂ ಹತ್ತಿ ಚೀಲಗಳೇ. ರಸ್ತೆಯ ಅಂಚಿನ ಜಾಲಿ ಮುಳ್ಳಿಗೂ ಹತ್ತಿ ಅಂಟಿಕೊಂಡಿರುತ್ತದೆ. ಅದೇ ರಸ್ತೆಯಲ್ಲಿ ಎದುರಿನಿಂದ ಇನ್ನೊಂದು ಗಾಡಿ ಬರುತ್ತದೆ. ಅದರ ತುಂಬ ಪ್ಲಾಸ್ಟಿಕ್ ಸುತ್ತಿದ ಫೋಮ್ ಹಾಸಿಗೆಗಳು. ನಮ್ಮ ಊರಿಂದ ಹತ್ತಿ ಹೋಗುತ್ತದೆ, ನಮ್ಮ ಊರಿಗೆ ಸ್ಪಂಜು ಬರುತ್ತದೆ!

ನಕ್ಷೆಯಲ್ಲಿ ಆದೋನಿ ಅಂತ ಬರೆದಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅದು ಆದವಾನಿಯೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಲ್ಲಿಂದ ಈಚೆಗೆ ನಮ್ಮ ಕಚೇರಿ ಕೆಲಸ ಕರ್ನೂಲಿಗೆ, ಆಸ್ಪತ್ರೆ ಬಳ್ಳಾರಿಗೆ, ಬೀಗತನ ಎರಡೂ ಕಡೆಗೆ. ಈಗ ಹಾಸಿಗೆಯ ವ್ಯಾಪಾರವೂ ಹೀಗೇ ಕವಲೊಡೆದಿದೆ. ಮನೆಯಲ್ಲಿ ಮದುವೆ ಅಂದಕೂಡಲೆ ಬೆಂಗಳೂರಲ್ಲಿರುವ ಮಗ ‘ಫೋನಿನಲ್ಲೇ ತರಿಸೋಣ’ ಅಂತಾನೆ. ಭಾವಮೈದುನ ‘ಆದವಾನಿ ಅಂಗಡಿಗೆ ಹೋಗಿ ಮುಟ್ಟಿ ನೋಡಿ ತರೋಣ’ ಅಂತಾನೆ. ಮನೆಯ ಹಿರಿಯಜ್ಜಿ ಮಾತ್ರ ‘ಪಿಂಜಾರ್ರನ್ನ ಕರಸ್ರೋ’ ಅಂತಾಳೆ. ಅವಳ ಮಾತು ಯಾರಿಗೂ ಕೇಳಿಸುವುದಿಲ್ಲ.

ರೈತನಿಗೆ ಇದು ಸಣ್ಣ ಖರ್ಚಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಉದ್ದ ಎಳೆಯ ಹತ್ತಿಗೆ ಕ್ವಿಂಟಾಲಿಗೆ 8,110 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿತು. ಸಾಧಾರಣದ ಒಂದು ಹಾಸಿಗೆಗೂ ಹೆಚ್ಚುಕಡಿಮೆ ಅಷ್ಟೇ ಬೆಲೆ. ಅಂದರೆ ಒಂದು ಕ್ವಿಂಟಾಲ್ ಹತ್ತಿ ಕೊಟ್ಟು ಒಂದು ಹಾಸಿಗೆ ತರುತ್ತೇವೆ. ಆ ಕ್ವಿಂಟಾಲ್ ಹತ್ತಿಯನ್ನು ಬಗ್ಗಿ ಬಗ್ಗಿ ಬಿಡಿಸಿದವರು ನಮ್ಮ ಹೆಣ್ಣುಮಕ್ಕಳು. ಅವರ ಸೊಂಟ ನೋವಿಗೇ ಈ ಹಾಸಿಗೆ ಬೇಕಾಗಿರೋದು. ನಮ್ಮ ಮನೆಯಲ್ಲೂ ಹೋದ ವರ್ಷ ಮಾತು ಶುರುವಾದದ್ದು ಅಲ್ಲಿಂದಲೇ.

ಬಿಲ್ಲು ಹೊತ್ತು ಬರುತ್ತಿದ್ದವರು

ಮೊದಲು ಅಜ್ಜಿಯ ಮಾತನ್ನೇ ಕೇಳೋಣ. ಕರ್ನಾಟಕದ ಕಡೆ ಪಿಂಜಾರ, ನದಾಫ್ ಅನ್ನುತ್ತಾರೆ. ನಮ್ಮ ಕಡೆ ತೆಲುಗಿನವರು ದೂದೇಕುಲ ಅನ್ನುತ್ತಾರೆ. ತೆಲುಗಿನಲ್ಲಿ ದೂದಿ ಅಂದರೆ ಹತ್ತಿ, ಏಕು ಅಂದರೆ ಹಿಂಜು. ಕನ್ನಡದಲ್ಲೂ ಅರಳೆ ಎಕ್ಕುವುದು ಅನ್ನುವ ಹಳೆಯ ಮಾತಿದೆ. ಏಕು, ಎಕ್ಕು ಎರಡೂ ಒಂದೇ ಬಳ್ಳಿಯ ಕಾಯಿ. ನಮ್ಮ ದಿಂಬು ಅವರಿಗೆ ದಿಂಡು, ನಮ್ಮ ಹಾಸಿಗೆ ಅವರಿಗೆ ಪರುಪು, ನಮ್ಮ ಕೌದಿ ಅವರಿಗೆ ಬೊಂತ. ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಗಳ ಹೆಸರಾಂತ ಶಿಷ್ಯ ಸಿದ್ಧಯ್ಯ ಈ ದೂದೇಕುಲದವರೇ.

ನಾನು ಹುಡುಗನಾಗಿದ್ದಾಗ ಊರಿಗೆ ಒಬ್ಬರು ಬರುತ್ತಿದ್ದರು. ಎಲ್ಲರಿಗೂ ಅವರು ಪಿಂಜಾರ ಮಾವ. ಹೆಗಲ ಮೇಲೆ ಆಳೆತ್ತರದ ಮರದ ಬಿಲ್ಲು, ಕೈಯಲ್ಲಿ ಕಟ್ಟಿಗೆಯ ಕೊಡತಿ. ಪಡಸಾಲೆಯ ತೊಲೆಗೆ ಬಿಲ್ಲನ್ನು ತೂಗುಹಾಕಿ, ಅದರ ತಂತಿಯನ್ನು ಅರಳೆಯೊಳಗೆ ಇಳಿಸಿ ಕೊಡತಿಯಿಂದ ಹೊಡೆದರೆ ಟಂಯ್ ಟಂಯ್ ಅಂತ ಸದ್ದು. ಗಂಟುಗಂಟಾಗಿದ್ದ ಹಳೆ ಅರಳೆ ಮೋಡದಂತೆ ಎದ್ದು ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಹಾಸಿಗೆ ಹೊಲಿದು ಮುಗಿಯುತ್ತಿತ್ತು. ಅದರೊಳಗೆ ಏನಿದೆ ಅಂತ ಯಾರೂ ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಹೊಲದ ಅರಳೆ, ನಮ್ಮ ಕಣ್ಣೆದುರಿಗೆ ತುಂಬಿದ್ದು. ಮೂರು ನಾಲ್ಕು ವರ್ಷಕ್ಕೆ ಒತ್ತಾಗಿ ಗಟ್ಟಿಯಾದರೆ ಅದನ್ನೇ ಬಿಚ್ಚಿ ಮತ್ತೆ ಹಿಂಜಿಸುವುದು. ಬಿಸಾಡುವ ಮಾತೇ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. ಒಬ್ಬರು ಮಲಗುವ ಆರಡಿ ಉದ್ದ, ಮೂರಡಿ ಅಗಲದ ಹಾಸಿಗೆಗೆ ಸುಮಾರು 12 ಕಿಲೊ ಅರಳೆ ಸಾಕು. ಬೀಜದ ಹತ್ತಿಯಲ್ಲಿ ಅರಳೆ ಬರೋದು ಸುಮಾರು ಮೂರರಲ್ಲೊಂದು ಪಾಲು. ಅಂದರೆ 35 ಕಿಲೊ ಹತ್ತಿ, ಬೆಂಬಲ ಬೆಲೆಯ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಯ ಒಳಗೆ. ಮೇಲಿನ ಬಟ್ಟೆ, ಹಿಂಜುವ ಹೊಲಿಯುವ ಕೂಲಿ ಸೇರಿದರೂ ಅಂಗಡಿಯ ಬೆಲೆ ಮುಟ್ಟುವುದಿಲ್ಲ.

ಆದರೆ ಒಂದು ಮಾತು ಒಪ್ಪಬೇಕು. ಆಗಿನ ಹತ್ತಿ ಬೇರೆ, ಈಗಿನದು ಬೇರೆ. ನಮ್ಮ ಕೆಂಪು ಮಸಾರಿಯ ಮುಂಗಾರಿ ಹತ್ತಿ, ಎರೆಹೊಲದ ನಾಡಹತ್ತಿ ಗಿಡ್ಡ ಎಳೆಯವು, ಒರಟು. ನೂಲಿಗೆ ಅಷ್ಟಕ್ಕಷ್ಟೇ ಆದರೂ ಹಾಸಿಗೆಗೆ ಅವೇ ಚೆಂದ. ಒತ್ತಿದರೆ ಮತ್ತೆ ಮೇಲೇಳುತ್ತವೆ. 2002ರಲ್ಲಿ ದೇಶಕ್ಕೆ ಬಿಟಿ ಹತ್ತಿ ಬಂತು. ಅದರ ಉದ್ದನೆಯ ನಯವಾದ ಎಳೆ ಗಿರಣಿಗೆ ಬೇಕಾದದ್ದು. ಹಾಸಿಗೆಯಲ್ಲಿ ಅದು ಬೇಗ ಮೆತ್ತಿಕೊಂಡು ಗಂಟಾಗುತ್ತದೆ. ಅಜ್ಜಿಯ ಹಾಸಿಗೆ ಬೇಕಾದರೆ ಅಜ್ಜಿಯ ಕಾಲದ ಹತ್ತಿಯೂ ಬೇಕು.

ಅಂಗಡಿಯಲ್ಲಿ ಮಲಗಿ ನೋಡೋದು

ಬಳ್ಳಾರಿಯ ಡಾಕ್ಟರು ನಮ್ಮ ಮನೆಯಾಕೆಗೆ ಹೇಳಿದ್ದು ಇಷ್ಟು: ಬರೀ ನೆಲದ ಮೇಲೂ ಬೇಡ, ಹೂತುಹೋಗುವ ಮೆತ್ತೆಯೂ ಬೇಡ, ಮಧ್ಯಮ ಗಟ್ಟಿಯದು ತಗೊಳ್ಳಿ. ಇದು ಬರೀ ಬಾಯಿಮಾತಲ್ಲ. ಸ್ಪೇನ್ ದೇಶದಲ್ಲಿ ಬಹುಕಾಲದ ಸೊಂಟ ನೋವಿನ 313 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಟ್ಟಿಯದು ಕೊಟ್ಟು 90 ದಿನ ನೋಡಿದರು. ಮಧ್ಯಮ ಗಟ್ಟಿಯದರ ಮೇಲೆ ಮಲಗಿದವರಿಗೇ ಹೆಚ್ಚು ಸುಖವಾಯಿತು. ‘ಲ್ಯಾನ್ಸೆಟ್’ ಎಂಬ ವೈದ್ಯರ ಪತ್ರಿಕೆಯಲ್ಲಿ 2003ರಲ್ಲಿ ಇದು ಅಚ್ಚಾಗಿದೆ. ಸೊಂಟ ನೋವಿಗೆ ಕಲ್ಲಿನಂಥ ಹಾಸಿಗೆಯೇ ಮದ್ದು ಅನ್ನುವ ನಮ್ಮ ಕಡೆಯ ನಂಬಿಕೆ ಸಡಿಲವಾಗಬೇಕು.

ಮಧ್ಯಮ ಗಟ್ಟಿ ಅಂದರೆ ಎಷ್ಟು? ಅದು ಮಲಗಿದರೆ ಮಾತ್ರ ಗೊತ್ತಾಗೋದು. ಅಂಗಡಿಯ ದೊಡ್ಡ ಅನುಕೂಲ ಇದೇ ಅಂತಾರೆ. ಆದವಾನಿಯ ಅಂಗಡಿಯೊಂದಕ್ಕೆ ಹೋದೆವು. ಹುಡುಗ ‘ಪಡುಕೋನಿ ಚೂಡಂಡಿ ಅಕ್ಕಾ’ ಅಂದ. ಮಲಗಿ ನೋಡಿ ಅಂತ. ಈಕೆ ಸೆರಗು ಬಿಗಿ ಮಾಡಿಕೊಂಡು ನಿಂತಲ್ಲೇ ನಿಂತಳು. ‘ಎಲ್ಲರೂ ನೋಡ್ತಾರ, ನಾನ್ಯಾಂಗ ಮಲಗ್ಲಿ?’ ಅಂದಳು. ನಿಜ ತಾನೆ? ಹತ್ತು ಗಂಡಸರು ಓಡಾಡುವ ಅಂಗಡಿಯಲ್ಲಿ ನಮ್ಮ ಹೆಣ್ಣುಮಕ್ಕಳು ಅಂಗೈಯಿಂದ ಒತ್ತಿ ನೋಡುತ್ತಾರೆಯೇ ಹೊರತು ಮಲಗುವುದಿಲ್ಲ. ಅಂಗೈಗೆ ಮೆತ್ತಗೆ ಕಂಡದ್ದು ಸೊಂಟಕ್ಕೆ ಒಗ್ಗಬೇಕಲ್ಲ! ಹಾಗಾಗಿ ಅಂಗಡಿಯ ಆ ಅನುಕೂಲ ಗಂಡಸರಿಗೆ ಮಾತ್ರ ಅನ್ನುವಂತಾಗಿದೆ.

‘ಲೋಪಲ ಏಮುಂದಪ್ಪಾ?’ ಅಂತ ನಾನು ಕೇಳಿದೆ. ಒಳಗೇನಿದೆಯಪ್ಪ ಅಂತ. ‘ಫೋಮ್ ಸಾರ್, ಮಂಚಿ ಕಂಪನೀ’ ಅಂದ. ಒಳ್ಳೆ ಕಂಪನಿ ಅಂತೆ. ಅದು ಉತ್ತರವೇ? ಫೋಮಿನಲ್ಲೂ ನಾರಿನಲ್ಲೂ ಹತ್ತು ಜಾತಿಯುಂಟು. ಹಾಸಿಗೆಯ ಬಾಯಿ ಹೊಲಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಸುರುಳಿಯಾಗಿ ಬರುವ ಹಾಸಿಗೆ

ಆನ್‌ಲೈನ್‌ನವರು ಈ ನಾಚಿಕೆಯ ತೊಡಕನ್ನು ಬಿಡಿಸಿದ್ದಾರೆ, ಅದನ್ನು ಮೆಚ್ಚಬೇಕು. ಬೆಂಗಳೂರಲ್ಲೇ 2016ರಲ್ಲಿ ಶುರುವಾದ ವೇಕ್‌ಫಿಟ್‌ನಂಥ ಕಂಪನಿಗಳು ಹಾಸಿಗೆಯ ಗಾಳಿ ಹೀರಿ, ಚಾಪೆಯಂತೆ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಕಳಿಸುವುದನ್ನು ರೂಢಿ ಮಾಡಿದವು. ನೂರು ರಾತ್ರಿ ಮಲಗಿ ನೋಡಿ, ಒಗ್ಗದಿದ್ದರೆ ವಾಪಸ್ ಅನ್ನುವ ಮಾತೂ ಬಂತು. ಮನೆಯಲ್ಲೇ, ಯಾರ ಕಣ್ಣೂ ಇಲ್ಲದೆ ಮಲಗಿ ನೋಡಬಹುದು. ಅಂಗಡಿಯ ಕಾಲು ಗಂಟೆಗಿಂತ ಮನೆಯ ನೂರು ರಾತ್ರಿ ದೊಡ್ಡ ಪರೀಕ್ಷೆ. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡ, ತೆಲುಗಿನಲ್ಲಿ ಬಂದವು. ನಮ್ಮಂಥವರಿಗೂ ಬೆಲೆ ಓದಿ ಹೋಲಿಸಿ ನೋಡಲು ಬಂತು.

ಆದರೆ ತರುವ ಗಾಡಿಯಷ್ಟು ಸಲೀಸಾಗಿ ಒಯ್ಯುವ ಗಾಡಿ ಬರುವುದಿಲ್ಲ. ನಮ್ಮ ಪಕ್ಕದ ಹೊಲದವನು ಬೇರೊಂದು ಕಂಪನಿಯ ಹಾಸಿಗೆ ತರಿಸಿದ. ಹೆಸರು ಇಲ್ಲಿ ಬೇಡ. ಪೆಟ್ಟಿಗೆ ಬಂತು, ಬಿಚ್ಚಿದ, ಉಬ್ಬಿತು. ಹತ್ತು ದಿನಕ್ಕೆ ನಡುವೆ ಗುಳಿ ಬಿತ್ತು. ವಾಪಸ್ ತಗೊಳ್ಳಿ ಅಂದರೆ ‘ನಿಮ್ಮ ಪಿನ್‌ಕೋಡಿಗೆ ಒಯ್ಯುವ ಸೌಲಭ್ಯ ಇಲ್ಲ’ ಅಂದರು. ಅವನು ಕನ್ನಡ, ತೆಲುಗು ಎರಡೂ ಬಲ್ಲವನು. ಆ ಕಡೆಯಿಂದ ಬಂದದ್ದು ಹಿಂದಿ. ಜೊತೆಗಿದ್ದ ಕರಾರಿನ ಚೀಟಿ ಇಂಗ್ಲಿಷು. ಒಮ್ಮೆ ಉಬ್ಬಿದ ಹಾಸಿಗೆಯನ್ನು ಮನೆಯ ನಾಲ್ಕು ಜನ ಮೇಲೆ ಕೂತರೂ ಮತ್ತೆ ಸುರುಳಿ ಮಾಡೋಕಾಗೋದಿಲ್ಲ.

ಅವನಿಗೆ ದಾರಿ ಸಿಕ್ಕಿದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿಂದ. ಅದರ ಸಂಖ್ಯೆ 1915. ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ ಮಾತಾಡಬಹುದು. 2020ರ ಇ-ವ್ಯಾಪಾರದ ನಿಯಮಗಳ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಮುಟ್ಟಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಇನ್ನೊಂದು ಅನುಕೂಲ ಇದೆ. ಕಂಪನಿ ಯಾವ ಊರಿನದೇ ಇರಲಿ, ಕೊಂಡವನು ತಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ರಾಜ್ಯದ ಗಡಿ ದಾಟಿ ಸಾಮಾನು ತರಿಸುವ ನಮ್ಮಂಥವರಿಗೆ ಇದು ದೊಡ್ಡ ಆಸರೆ. ಪಕ್ಕದ ಹೊಲದವನ ದುಡ್ಡು ಐದು ವಾರಕ್ಕೆ ವಾಪಸ್ ಬಂತು.

ತಕ್ಕಡಿಗೆ ಹಾಕಿ ನೋಡಿ

ಅಂಗಡಿಯಾಗಲಿ ಫೋನಾಗಲಿ, ಒಳಗಿನದನ್ನು ತಿಳಿಯಲು ರೈತನಿಗೆ ಗೊತ್ತಿರುವ ಉಪಾಯ ಒಂದಿದೆ, ಅದು ತಕ್ಕಡಿ. ಫೋಮಿಗೆ 32 ಡೆನ್ಸಿಟಿ, 40 ಡೆನ್ಸಿಟಿ ಅಂತ ಹೇಳುತ್ತಾರಲ್ಲ, ಅದು ಬೇರೇನಲ್ಲ: ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೊ ಅಂತ. ಆರಡಿ ಉದ್ದ, ಮೂರಡಿ ಅಗಲ, ಐದು ಇಂಚು ದಪ್ಪದ ಹಾಸಿಗೆ 32ರದಾದರೆ ಒಳಗಿನ ಫೋಮು ಸುಮಾರು 7 ಕಿಲೊ ತೂಗಬೇಕು. 40ರದಾದರೆ ಎಂಟೂವರೆ ಕಿಲೊ. ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡುವ ಗಟ್ಟಿ ಹಾಸಿಗೆ 90 ಡೆನ್ಸಿಟಿಯದಾದರೆ 19 ಕಿಲೊ. ಬಟ್ಟೆಯ ತೂಕ ಬೇರೆ. 40 ಅಂತ ಹೇಳಿ 7 ಕಿಲೊ ಕೊಟ್ಟರೆ ಸುಳ್ಳು ಅಲ್ಲೇ ಗೊತ್ತಾಗುತ್ತದೆ. ಹತ್ತಿ ಮಾರುವಾಗ ನಮ್ಮನ್ನು ತೂಗಿ ತೂಗಿ ಕಳೆಯುತ್ತಾರಲ್ಲ, ಕೊಳ್ಳುವಾಗ ನಾವೂ ತೂಗೋಣ.

ಮಂಚದ ಅಳತೆಯನ್ನು ಹೊರಗಿನಿಂದಲ್ಲ, ಚೌಕಟ್ಟಿನ ಒಳಗಿನಿಂದ ತೆಗೆಯಿರಿ. ನಮ್ಮ ಬಡಿಗೇರರು ಮಾಡಿದ ಮಂಚಗಳು ಕಂಪನಿಯ ಅಳತೆಗೆ ಕೂರುವುದು ಕಡಿಮೆ. ಬೇಕಾದ ಅಳತೆಗೆ ಕತ್ತರಿಸಿ ಕೊಟ್ಟದ್ದನ್ನು ಹಲವರು ವಾಪಸ್ ತಗೊಳ್ಳೋದಿಲ್ಲ. ಫೋನಿನಲ್ಲಿ ತರಿಸುವವರು ‘ನಮ್ಮೂರಿಂದ ವಾಪಸ್ ಒಯ್ಯುತ್ತೀರಾ’ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ಅರಳೆ ಹಾಸಿಗೆಯನ್ನು ಬಿಸಿಲಿಗೆ ಹಾಕಿದಂತೆ ಫೋಮನ್ನು ಹಾಕಬೇಡಿ, ಬಿಸಿಲಿಗೆ ಅದು ಹಳದಿಯಾಗಿ ಪುಡಿ ಬೀಳುತ್ತದೆ. ನೆರಳಿನ ಗಾಳಿ ಸಾಕು.

ನಾವು ಕೊನೆಗೆ ಮಾಡಿದ್ದು ಇಷ್ಟು. ಎರಡನೇ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂತಿದ್ದಾಕೆ ಮಾಲೀಕರ ಮನೆಯವರು. ಈಕೆಯ ಮುಖ ನೋಡಿ ಹುಡುಗರನ್ನೆಲ್ಲ ಗೋಡೌನಿಗೆ ಕಳಿಸಿ, ‘ಮಲಗಿ ನೋಡಮ್ಮ, ಯಾರೂ ಬರೋದಿಲ್ಲ’ ಅಂದರು, ಕನ್ನಡದಲ್ಲೇ. ಈಕೆ ಎರಡು ಮಗ್ಗುಲಲ್ಲೂ ಕಾಲು ಗಂಟೆ ಮಲಗಿ ಆರಿಸಿದಳು. ಹಾಸಿಗೆ ತಕ್ಕಡಿಗೆ ಏರಿತು. ಹದಿನೈದು ದಿನದಲ್ಲಿ ಒಗ್ಗದಿದ್ದರೆ ಬದಲಾಯಿಸಿ ಕೊಡುತ್ತೇವೆ ಅಂತ ಬಿಲ್ಲಿನ ಮೇಲೆ ಬರೆಸಿಕೊಂಡೆ. ಫೋನಿನ ಬೆಲೆಗಿಂತ ಮುನ್ನೂರು ರೂಪಾಯಿ ಹೆಚ್ಚಾಯಿತು. ಕೆಟ್ಟರೆ ಎದುರಿಗೆ ನಿಂತು ಕೇಳಬಹುದಾದ ಒಂದು ಮುಖಕ್ಕೆ ಆ ಮುನ್ನೂರು ಹೆಚ್ಚಲ್ಲ.

ಇನ್ನು ಅಟ್ಟದ ಮೇಲಿದ್ದ ನಮ್ಮ ಅವ್ವನ ಕಾಲದ ಅರಳೆ ಹಾಸಿಗೆ. ಆದವಾನಿಯಲ್ಲಿ ಒಂದು ದೂದೇಕುಲದ ಮನೆಯವರು ಬಿಲ್ಲಿನ ಬದಲು ಕರೆಂಟಿನ ಯಂತ್ರ ಇಟ್ಟುಕೊಂಡಿದ್ದಾರೆ. ಅಲ್ಲಿ ಹಿಂಜಿಸಿ, ಹೊಸ ಬಟ್ಟೆ ಹಾಕಿಸಿದೆ. ಅದರ ಮೇಲೆ ಈಗ ನಾನು ಮಲಗುತ್ತೇನೆ. ವರ್ಷಕ್ಕೆ ಎಷ್ಟು ಹಾಸಿಗೆ ಬರುತ್ತವೆ ಅಂತ ಆ ಮನೆಯ ಹಿರಿಯರನ್ನು ಕೇಳಿದೆ. ‘ಮದುವಿ ಹಾಸಿಗಿ ಈಗ ಯಾರೂ ಹೊಲಿಸಂಗಿಲ್ಲಪ್ಪ. ಹಳೇವು ಬರ್ತಾವು, ದಿಂಬು ಬರ್ತಾವು’ ಅಂದರು. ಅವರ ಮಗ ಬೆಂಗಳೂರಲ್ಲಿ ಸಾಮಾನು ತಲುಪಿಸುವ ಗಾಡಿ ಓಡಿಸುತ್ತಾನಂತೆ.

ಎಲ್ಲರೂ ಅರಳೆ ಹಾಸಿಗೆಗೇ ಮರಳಿ ಅಂತ ನಾನು ಹೇಳುವುದಿಲ್ಲ. ಸೊಂಟಕ್ಕೆ ಯಾವುದು ಹಿತವೋ ಅದೇ ಸರಿ, ಅದು ಅಂಗಡಿಯಿಂದ ಬಂದರೂ ಸರಿ, ಪೆಟ್ಟಿಗೆಯಲ್ಲಿ ಬಂದರೂ ಸರಿ. ಆದರೆ ಅಟ್ಟದ ಮೇಲಿನ ಹಳೆ ಹಾಸಿಗೆಯನ್ನು ತಿಪ್ಪೆಗೆ ಎಸೆಯುವ ಮುಂಚೆ ಒಮ್ಮೆ ಆ ಯಂತ್ರದ ಮನೆಗೆ ಒಯ್ಯಿರಿ. ಅವರ ಕೆಲಸ ಉಳಿದರೆ, ಹತ್ತಿ ಸೀಮೆಯಲ್ಲಿ ಒಳಗೇನಿದೆ ಅಂತ ನೋಡಿ ಹಾಸಿಗೆ ಮಾಡಿಸಿಕೊಳ್ಳುವ ಒಂದು ಜಾಗವಾದರೂ ಉಳಿಯುತ್ತದೆ.